‘ಚಾನ್ ಚಾನ್’ ನುಡಿಸಬೇಕಾ? ಕೆಳಗಿನ ದನಿಯಿಂದ ಶುರು ಮಾಡಿ

ನನ್ನ ಹತ್ತಿರ ಗಿಟಾರ್ ಕಲಿಯಲು ಬರುವವರಲ್ಲಿ ವರ್ಷಕ್ಕೆ ಇಬ್ಬರಾದರೂ ಕೇಳುತ್ತಾರೆ: “ಮಿಸ್, ಚಾನ್ ಚಾನ್ ಹೇಳಿಕೊಡ್ತೀರಾ?” ಕ್ಯೂಬಾದ ಒಂದು ಹಾಡು ಅದು. ನಾಲ್ಕೇ ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ನಾಲ್ಕು ಸ್ವರಗುಚ್ಛ. ಹಾಡು ಮುಗಿಯುವವರೆಗೂ ಅವೇ ನಾಲ್ಕು ತಿರುಗುತ್ತಾ ಇರುತ್ತವೆ. ಅರ್ಧ ಗಂಟೆಯಲ್ಲಿ ಕೈಗೆ ಬಂದುಬಿಡುತ್ತದೆ. ಆದರೆ ಕೇಳಿದರೆ ಅದು ಚಾನ್ ಚಾನ್ ಅಲ್ಲ. ಕಾರ್ಡ್ ಸರಿ, ಸ್ವರ ಸರಿ, ಆದರೂ ಏನೋ ಕೂತಿಲ್ಲ.

ಬಹಳ ವರ್ಷ ನನ್ನದೂ ಇದೇ ಕಥೆ. ದುಬೈಯಿಂದ ಅಣ್ಣ ತಂದ ಸಿ.ಡಿ.ಯಲ್ಲಿ ಈ ಹಾಡನ್ನು ಮೊದಲು ಕೇಳಿದೆ. ವಾರದೊಳಗೆ ನುಡಿಸಲು ಬಂತು ಅಂದುಕೊಂಡೆ. ನಮ್ಮ ಚರ್ಚ್ ಹಾಲ್‌ನ ಒಂದು ಕಾರ್ಯಕ್ರಮದಲ್ಲಿ ಹಾಡಿದೆ. ಎದುರು ಕೂತವರು ಖುಷಿಯಿಂದ ಚಪ್ಪಾಳೆ ಶುರು ಮಾಡಿದರು, ಒಂದು, ಎರಡು, ಮೂರು, ನಾಲ್ಕು ಅಂತ. ಎರಡನೇ ಸುತ್ತಿಗೆ ನನ್ನ ಹೆಬ್ಬೆರಳು ದಾರಿ ತಪ್ಪಿತು. ಮೂರನೇ ಸುತ್ತಿಗೆ ಹಾಡೇ ನಿಂತುಹೋಯಿತು.

ತಪ್ಪು ಬೆರಳಿನದ್ದಲ್ಲ. ನಾನು ಹಾಡನ್ನು ಮೇಲಿನಿಂದ ಕಲಿತಿದ್ದೆ. ಮೊದಲು ಧಾಟಿ, ಆಮೇಲೆ ಮಾತು, ಆಮೇಲೆ ಕಾರ್ಡ್, ಕೊನೆಗೆ ತಾಳ. ಈ ಹಾಡು ಬರೆದವರಾದರೋ ತಮ್ಮ ಹೆಸರಿನಲ್ಲೇ ಕೆಳಗಿನ ದನಿಯನ್ನು ಇಟ್ಟುಕೊಂಡವರು. ನಾನು ಚರ್ಚ್ ಕಾಯರ್‌ನಲ್ಲಿ ಹದಿಮೂರನೇ ವಯಸ್ಸಿನಿಂದ ಆಲ್ಟೊ, ಅಂದರೆ ಹೆಂಗಸರ ಕೆಳಗಿನ ದನಿ, ಹಾಡುತ್ತಾ ಬಂದವಳು. ಕೆಳಗಿನ ದನಿ ಅಂದರೆ ಏನು ಅಂತ ನನಗೆ ಎಲ್ಲರಿಗಿಂತ ಮೊದಲೇ ಹೊಳೆಯಬೇಕಿತ್ತು.

ಹಾಗಾಗಿ ಗಿಟಾರ್ ಸ್ವಲ್ಪ ಹೊತ್ತು ಗೋಡೆಗೆ ಒರಗಿಸಿ. ಮೊದಲು ಹಾಡು ಬರೆದವರ ಪರಿಚಯ ಮಾಡಿಕೊಳ್ಳಿ.

ಹೆಸರಿನಲ್ಲೇ ಪಾಠ ಇದೆ

ಫ್ರಾನ್ಸಿಸ್ಕೊ ರೆಪಿಲಾದೊ ಹುಟ್ಟಿದ್ದು 1907ರ ನವೆಂಬರ್ 18ರಂದು, ಕ್ಯೂಬಾದ ಪೂರ್ವ ತುದಿಯ ಸಿಬೊನೆ ಎಂಬ ಕಡಲೂರಿನಲ್ಲಿ. ಚಿಕ್ಕವರಿದ್ದಾಗಲೇ ಮನೆಮಂದಿ ಹತ್ತಿರದ ಸಾಂತಿಯಾಗೊ ಪಟ್ಟಣಕ್ಕೆ ಬಂದರು. ಸಾಂತಿಯಾಗೊ ಎಂದರೆ ತ್ರೋವಾದ ಊರು. ಗಿಟಾರ್ ಹಿಡಿದು ಊರೂರು ತಿರುಗಿ ತಮ್ಮದೇ ಹಾಡು ಹಾಡುತ್ತಿದ್ದವರ ಪರಂಪರೆಗೆ ಅಲ್ಲಿ ತ್ರೋವಾ ಅನ್ನುತ್ತಾರೆ. ಸಿಂದೊ ಗರಾಯ್ ಅವರಂಥ ದೊಡ್ಡ ತ್ರೋವಾ ಹಾಡುಗಾರರು ಓಡಾಡುತ್ತಿದ್ದ ಊರಲ್ಲಿ ಈ ಹುಡುಗ ಗಿಟಾರ್ ಮತ್ತು ಅದರಂಥದ್ದೇ ಕ್ಯೂಬಾದ ವಾದ್ಯ ತ್ರೆಸ್, ಎರಡನ್ನೂ ಕಲಿತ. ಜೊತೆಗೆ ಕ್ಲಾರಿನೆಟ್ ಕಲಿತು ಊರ ಮುನಿಸಿಪಲ್ ಬ್ಯಾಂಡಿನಲ್ಲಿ ಊದಿದ. ಮುಂದೆ ಹವಾನಾಕ್ಕೆ ಹೋದ ಮೇಲೂ, ಮಿಗೆಲ್ ಮತಾಮೊರೊಸ್ ಅವರ ತಂಡದಲ್ಲಿ ಇವರು ನುಡಿಸಿದ್ದು ಕ್ಲಾರಿನೆಟ್ಟನ್ನೇ.

1940ರ ದಶಕದ ಕೊನೆಯಲ್ಲಿ ಲೊರೆನ್ಸೊ ಇಯೆರ್ರೆಸ್ವೆಲೊ ಜೊತೆ ಸೇರಿ ‘ಲೋಸ್ ಕೊಂಪಾದ್ರೆಸ್’ ಎಂಬ ಜೋಡಿ ಕಟ್ಟಿದರು. ಮಗುವಿನ ಅಪ್ಪ ಮತ್ತು ಜ್ಞಾನಸ್ನಾನದ ದಿನ ಆ ಮಗುವಿನ ಹೊಣೆ ಹೊರುವ ಗಾಡ್‌ಫಾದರ್, ಇಬ್ಬರೂ ಒಬ್ಬರನ್ನೊಬ್ಬರು ಕರೆಯುವ ಮಾತು ಕೊಂಪಾದ್ರೆ. ಕ್ಯೂಬಾದ ಪೂರ್ವದ ಹಳ್ಳಿಗರ ಬಾಯಲ್ಲಿ ಅದು ಸವೆದು ‘ಕೊಂಪಾಯ್’ ಆಯಿತು. ಜೋಡಿಯಲ್ಲಿ ಲೊರೆನ್ಸೊ ಮೇಲಿನ ದನಿ, ಹಾಗಾಗಿ ಕೊಂಪಾಯ್ ಪ್ರಿಮೊ. ಫ್ರಾನ್ಸಿಸ್ಕೊ ಎರಡನೇ ದನಿ. ಅವರು ಕೊಂಪಾಯ್ ಸೆಗುಂದೊ. 1955ರಲ್ಲಿ ಜೋಡಿ ಮುರಿಯಿತು, ಆದರೆ ‘ಎರಡನೆಯವರು’ ಅನ್ನುವ ಹೆಸರು ಉಳಿದುಬಿಟ್ಟಿತು. ಅವರು ಅದನ್ನು ಬಿಟ್ಟುಕೊಡಲೂ ಇಲ್ಲ.

ಇಲ್ಲಿ ನನಗೆ ತುಂಬಾ ಇಷ್ಟವಾದ ಒಂದು ವಿಷಯ ಇದೆ. ಇದೇ ಲೊರೆನ್ಸೊ ಇನ್ನೊಂದು ಜೋಡಿಯಲ್ಲೂ ಹಾಡುತ್ತಿದ್ದರು, ಮಾರಿಯಾ ತೆರೇಸಾ ವೇರಾ ಜೊತೆ. ಅಲ್ಲಿ ಮೇಲಿನ ದನಿ ಮಾರಿಯಾ ತೆರೇಸಾ ಅವರದು, ಲೊರೆನ್ಸೊ ಎರಡನೆಯವರು. ಅಂದರೆ ಮೊದಲು, ಎರಡು ಅನ್ನುವುದು ಮೇಲು-ಕೀಳಲ್ಲ. ಅದೊಂದು ಕೆಲಸ, ಒಂದು ಜಾಗ.

ಜೋಡಿ ಮುರಿದ ಮೇಲಿನ ವರ್ಷಗಳಲ್ಲಿ ಕೊಂಪಾಯ್ ಅವರ ಊಟಕ್ಕೆ ದಾರಿಯಾದದ್ದು ಹೊಗೆಸೊಪ್ಪು. ಹವಾನಾದ ಎಚ್. ಉಪ್ಮನ್ ಕಾರ್ಖಾನೆಯಲ್ಲಿ ಸಿಗಾರ್ ಸುತ್ತುವ ಕೆಲಸ ಮಾಡಿ, 1970ರಲ್ಲಿ ನಿವೃತ್ತರಾದರು. ನಾನು ಬೆಳೆದ ಓಣಿಯಲ್ಲಿ ಹೆಂಗಸರು ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಅವರ ಕಣ್ಣು ಎಲ್ಲೋ ಇರುತ್ತಿತ್ತು, ಬಾಯಿ ಮಾತಾಡುತ್ತಾ ಇರುತ್ತಿತ್ತು, ಬೆರಳು ಮಾತ್ರ ಒಂದೇ ಸಮ. ಅವಸರವೂ ಇಲ್ಲ, ನಿಲ್ಲುವುದೂ ಇಲ್ಲ. ಕೊಂಪಾಯ್ ಅವರ ಬಲಗೈ ವಿಡಿಯೊ ನೋಡಿದಾಗಲೆಲ್ಲ ನನಗೆ ಆ ಮೊರಗಳೇ ನೆನಪಾಗುತ್ತವೆ. ನಿಮ್ಮ ಬಲಗೈಯೂ ಹಾಗೇ ಇರಬೇಕು. ಇದನ್ನು ನೆನಪಲ್ಲಿಡಿ.

ಗಿಟಾರ್ ಮುಟ್ಟುವ ಮೊದಲು: ಕ್ಲಾವೆ

ಕ್ಲಾವೆ ಅಂದರೆ ಎರಡು ಗಟ್ಟಿ ಮರದ ತುಂಡು. ಅವುಗಳಲ್ಲಿ ತಟ್ಟುವ ಐದು ಪೆಟ್ಟಿನ ನಡೆಗೂ ಅದೇ ಹೆಸರು. ಪೂರ್ವ ಕ್ಯೂಬಾದಿಂದ ಬಂದ ‘ಸೋನ್’ ಅನ್ನುವ ಸಂಗೀತ ಪೂರ್ತಿ ಇದರ ಮೇಲೆ ನಿಂತಿದೆ. ಯಾರೂ ತಟ್ಟದೇ ಇದ್ದರೂ ಎಲ್ಲರ ತಲೆಯೊಳಗೆ ಅದು ಓಡುತ್ತಾ ಇರುತ್ತದೆ.

ಮನೆಯಲ್ಲಿ ಲಟ್ಟಣಿಗೆ ಮತ್ತು ಮರದ ಸೌಟು ಇದ್ದರೆ ಸಾಕು. ಎಡಗೈಯನ್ನು ಬೋಗುಣಿಯ ಥರ ಬಾಗಿಸಿ. ಲಟ್ಟಣಿಗೆಯನ್ನು ಬೆರಳ ತುದಿ ಮತ್ತು ಹೆಬ್ಬೆರಳ ಮೇಲೆ ಹಗುರವಾಗಿ ಇಡಿ, ಮುಷ್ಟಿ ಕಟ್ಟಬೇಡಿ. ಕೆಳಗೆ ಅಂಗೈ ಟೊಳ್ಳಾಗಿದ್ದರೆ ದನಿ ತುಂಬುತ್ತದೆ. ಗಟ್ಟಿಯಾಗಿ ಹಿಡಿದರೆ ‘ಟಕ್’ ಅಂತ ಸತ್ತ ಸದ್ದು ಬರುತ್ತದೆ, ಅಷ್ಟೇ.

ಈಗ ನಡೆ. ಇದನ್ನು ಪುಸ್ತಕದಲ್ಲಿ ಓದಿ ಕಲಿಯಲು ನನಗೆ ಎಷ್ಟೋ ತಿಂಗಳು ಹಿಡಿದಿತ್ತು. ಬಿಡಿಸಿಕೊಟ್ಟವಳು ನನ್ನ ಒಬ್ಬಳು ವಿದ್ಯಾರ್ಥಿನಿ, ಬೆಳಿಗ್ಗೆ ಕರ್ನಾಟಕ ಸಂಗೀತದ ಪಾಠ ಮುಗಿಸಿ ಬರುತ್ತಿದ್ದ ಹುಡುಗಿ. ನಾನು ತಟ್ಟುವುದನ್ನು ಎರಡು ಸಲ ಕೇಳಿದಳು. “ಇದು ಸುಲಭ ಅಲ್ವಾ ಮಿಸ್,” ಅಂದು ಕೊನ್ನಕ್ಕೋಲ್‌ನಲ್ಲಿ, ಅಂದರೆ ತಾಳದ ಸೊಲ್ಲುಗಳಲ್ಲಿ, ಬಾಯಲ್ಲೇ ಹೇಳಿಬಿಟ್ಟಳು:

ತಕಿಟ ತಕಿಟ ತಕಧಿಮಿ ತಕ ತಕಧಿಮಿ

3, 3, 4, 2, 4. ಒಟ್ಟು 16. ಪ್ರತಿ ಗುಂಪಿನ ಮೊದಲ ‘ತ’ಕ್ಕೆ ಒಂದು ಪೆಟ್ಟು. ಇದೇ ಸೋನ್ ಕ್ಲಾವೆ. ಮೊದಲರ್ಧದಲ್ಲಿ 3 ಪೆಟ್ಟು, ಎರಡನೇ ಅರ್ಧದಲ್ಲಿ 2. ಸಂಗೀತಗಾರರು 3-2 ಕ್ಲಾವೆ ಅನ್ನುವುದು ಇದಕ್ಕೇ.

ಆದಿತಾಳ ಹಾಕಲು ಬರುವವರು ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ಒಂದು ಎಣಿಕೆಗೆ ಎರಡು ಅಕ್ಷರದಂತೆ 8 ಎಣಿಕೆಯಲ್ಲಿ ಇದನ್ನು ಹೇಳಿ. ಮೊದಲ ಪೆಟ್ಟು ತಟ್ಟಿನ ಮೇಲೆ ಬೀಳುತ್ತದೆ. ಎರಡನೆಯದು ಕಿರುಬೆರಳು ಮತ್ತು ಉಂಗುರ ಬೆರಳಿನ ನಡುವಿನ ಖಾಲಿ ಜಾಗದಲ್ಲಿ. ಮೂರನೆಯದು ಸರಿಯಾಗಿ ನಡುಬೆರಳಿಗೆ. ನಾಲ್ಕನೆಯದು 6ನೇ ಎಣಿಕೆಗೆ, ಕೈ ಬೀಸುವಲ್ಲಿ. ಐದನೆಯದು 7ಕ್ಕೆ, ತಟ್ಟುವಲ್ಲಿ. ಐದರಲ್ಲಿ ನಾಲ್ಕು ಎಣಿಕೆಯ ಮೇಲೇ ಬಿದ್ದವು, ನೋಡಿ. ಎರಡನೆಯದು ಮಾತ್ರ ಸಂದಿಯಲ್ಲಿದೆ. ಇಡೀ ಹಾಡನ್ನು ತೂಗುವುದು ಆ ಒಂದು ಪೆಟ್ಟೇ.

5ನೇ ಎಣಿಕೆಯಲ್ಲಿ ಎಚ್ಚರ. ತಾಳದಲ್ಲಿ ಅಲ್ಲಿ ತಟ್ಟು ಇದೆ, ಕ್ಲಾವೆಯಲ್ಲಿ ಮೌನ. ನಮ್ಮ ಕೈ ಅಲ್ಲಿ ತಟ್ಟಲು ಹಾತೊರೆಯುತ್ತದೆ. ಚರ್ಚ್ ಹಾಲ್‌ನಲ್ಲಿ ನಾನು ಬಿದ್ದದ್ದೂ ಇದೇ ಹೊಂಡಕ್ಕೆ.

ದಿನಕ್ಕೆ 10 ನಿಮಿಷ, ಒಂದು ವಾರ. ನಡೆಯುವಾಗ ಹೆಜ್ಜೆ ಎಣಿಕೆಗೆ ಹಾಕಿ, ಬಾಯಲ್ಲಿ ಸೊಲ್ಲು ಹೇಳಿ. ಆಮೇಲೆ ಹಾಡು ಹಾಕಿ, ಅದರ ಜೊತೆ ತಟ್ಟಿ. ಒಮ್ಮೆ 3ರ ಕಡೆಯಿಂದ ಶುರು ಮಾಡಿ, ಇನ್ನೊಮ್ಮೆ 2ರ ಕಡೆಯಿಂದ. ಒಂದು ಹಾಡಿನ ಜೊತೆ ಜಗಳ ಆಡುತ್ತದೆ, ಇನ್ನೊಂದು ಸುಮ್ನೆ ಕೂತುಬಿಡುತ್ತದೆ. ಯಾವುದು ಅಂತ ನಾನು ಹೇಳುವುದಿಲ್ಲ. ಅದನ್ನು ಕಿವಿಯೇ ಕಂಡುಹಿಡಿಯಬೇಕು.

ಹೆಬ್ಬೆರಳು

ಈಗ ಗಿಟಾರ್ ಎತ್ತಿಕೊಳ್ಳಿ. ನೈಲಾನ್ ತಂತಿಯದ್ದಾದರೆ ಒಳ್ಳೆಯದು, ಸ್ಟೀಲ್ ಆದರೂ ನಡೆಯುತ್ತದೆ. ಕಾರ್ಡುಗಳು ಡಿ ಮೈನರ್, ಎಫ್, ಜಿ ಮೈನರ್, ಎ ಸೆವೆನ್. ಹೆಚ್ಚಿನವರಿಗೆ ತೊಂದರೆ ಕೊಡುವುದು ಜಿ ಮೈನರ್. ತೋರುಬೆರಳನ್ನು 3ನೇ ಫ್ರೆಟ್‌ನಲ್ಲಿ (ಗಿಟಾರ್ ಕತ್ತಿನ ಮೇಲಿನ ಮೂರನೇ ಮನೆ) ಆರೂ ತಂತಿಗೆ ಅಡ್ಡ ಹಾಕಿ, ಬೇರೆ ಬೆರಳು ಬೇಡ. ಹೆಬ್ಬೆರಳಿನಿಂದ ಎಲ್ಲಕ್ಕಿಂತ ದಪ್ಪದ 6ನೇ ತಂತಿ, ಉಳಿದ ಬೆರಳಿನಿಂದ ಕೆಳಗಿನ ಮೂರು ಸಣ್ಣ ತಂತಿ ಮಾತ್ರ ಮೀಟಿ. 5 ಮತ್ತು 4ನೇ ತಂತಿ ಮುಟ್ಟಲೇಬೇಡಿ. ಪೂರ್ತಿ ಜಿ ಮೈನರ್ ಬಂತು, ಕೈಯೂ ನೋಯಲಿಲ್ಲ.

ಮೊದಲ ಮೂರು ದಿನ ಹೆಬ್ಬೆರಳು ಮಾತ್ರ ಕೆಲಸ ಮಾಡಲಿ. ಡಿ ಮೈನರ್‌ಗೆ ಖಾಲಿ 4ನೇ ತಂತಿ. ಎಫ್‌ಗೆ ಅದೇ ತಂತಿಯ 3ನೇ ಫ್ರೆಟ್. ಜಿ ಮೈನರ್‌ಗೆ 6ನೇ ತಂತಿಯ 3ನೇ ಫ್ರೆಟ್. ಎ ಸೆವೆನ್‌ಗೆ ಖಾಲಿ 5ನೇ ತಂತಿ. ಅಭ್ಯಾಸಕ್ಕೆ ಪ್ರತಿ ಕಾರ್ಡಿಗೆ 4 ಎಣಿಕೆ ಕೊಡಿ. ರೆಕಾರ್ಡಿಂಗ್‌ನಲ್ಲಿ ಯಾವ ಕಾರ್ಡ್ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ಆಮೇಲೆ ಕೇಳಿ ಸರಿಮಾಡಿಕೊಂಡರಾಯಿತು.

ಸೋನ್‌ನ ಬೇಸ್, ಅಂದರೆ ಹೆಬ್ಬೆರಳು ನುಡಿಸುವ ಕೆಳಗಿನ ಸ್ವರಗಳ ನಡೆ, 1ನೇ ಎಣಿಕೆಯನ್ನು ಬಿಟ್ಟುಬಿಡುತ್ತದೆ. ಅದು ಬರುವುದು 2 ಮತ್ತು 3ರ ನಡುವಿನ ಸಂದಿಯಲ್ಲಿ, ಮತ್ತೆ 4ರಲ್ಲಿ. ಈ ಜಾಗಗಳನ್ನು ಎಲ್ಲೋ ಕಂಡಿದ್ದೇವೆ, ಅಲ್ವಾ? ಕ್ಲಾವೆಯ 3ರ ಕಡೆಯ ಎರಡನೇ ಮತ್ತು ಮೂರನೇ ಪೆಟ್ಟು. ಒಂದು ವಾರ ಲಟ್ಟಣಿಗೆ ತಟ್ಟಿದ್ದರಿಂದ ಹೆಬ್ಬೆರಳಿಗೆ ದಾರಿ ಈಗಾಗಲೇ ಗೊತ್ತಿದೆ.

ಇನ್ನೊಂದು ಮುಖ್ಯ ವಿಷಯ. 4ನೇ ಎಣಿಕೆಯಲ್ಲಿ ನುಡಿಸುವ ಸ್ವರ ಮುಂದಿನ ಕಾರ್ಡಿನದು. ಡಿ ಮೈನರ್ ಇನ್ನೂ ಮುಗಿದಿಲ್ಲ, ಆಗಲೇ ಹೆಬ್ಬೆರಳು ಎಫ್‌ನ ಮನೆ ಬಾಗಿಲು ತಟ್ಟುತ್ತದೆ. ಸೋನ್ ಯಾವಾಗಲೂ ಮುಂದಕ್ಕೆ ಹೋಗುತ್ತಿರುವಂತೆ ಕೇಳಿಸುವುದು ಇದಕ್ಕೇ. ಈ ಹಾಡಿನ ಮಾತೂ ಅಂಥದ್ದೇ: ಆಲ್ತೊ ಸೆದ್ರೊ, ಮಾರ್ಕಾನೆ, ಕ್ವೆತೊ, ಮಾಯಾರಿ ಎಂದು ಪೂರ್ವ ಕ್ಯೂಬಾದ ನಾಲ್ಕು ಊರುಗಳನ್ನು ದಾಟುತ್ತಾ ಹೋಗುವ ಒಬ್ಬನ ಹಾಡು. ನಾಲ್ಕು ಊರು, ನಾಲ್ಕು ಕಾರ್ಡ್. ಯಾವ ಊರಿನಲ್ಲೂ ಕಾಲು ನಿಲ್ಲಬಾರದು.

ಹೆಬ್ಬೆರಳು ತಾನಾಗಿ ನಡೆಯತೊಡಗಿದ ಮೇಲೆ ಉಳಿದ ಬೆರಳುಗಳನ್ನು ಕರೆಯಿರಿ. ನಾನು ಹೇಳಿಕೊಡುವುದು 1 ಮತ್ತು 3ನೇ ಎಣಿಕೆಗೆ ಸಣ್ಣ ತಂತಿಗಳ ಮೇಲೆ ಹಗುರವಾಗಿ ಒಮ್ಮೆ ಎಳೆಯುವುದನ್ನು. ಹಗುರ ಅಂದರೆ ಹಗುರ. ಕೈ ಮಣಿಕಟ್ಟಿನಿಂದ ಎದ್ದರೆ ಜಾಸ್ತಿಯಾಯಿತು. ಮೊರದ ಮುಂದೆ ಕೂತ ಕೈ ನೆನಪಿಸಿಕೊಳ್ಳಿ.

ಏಳನೇ ತಂತಿ

ಕೊಂಪಾಯ್ ಅವರ ವಾದ್ಯ ಮಾಮೂಲಿ ಗಿಟಾರ್ ಆಗಿರಲಿಲ್ಲ. ಕ್ಯೂಬಾದ ತ್ರೆಸ್‌ನಲ್ಲಿ ಮೂರು ಜೋಡಿ ತಂತಿ ಇರುತ್ತವೆ, ಲೋಹದ ಹೊಳಪಿನ ದನಿ. ಗಿಟಾರ್‌ಗೆ ಆಳ ಇದೆ, ಆದರೆ ಆ ಹೊಳಪಿಲ್ಲ. ಎರಡರ ನಡುವಿನ ಜಾಗಕ್ಕೆ ಅವರು ತಾವೇ ಒಂದು ವಾದ್ಯ ಮಾಡಿಕೊಂಡರು. ಏಳು ತಂತಿಯ ಆರ್ಮೊನಿಕೊ. ಗಿಟಾರ್‌ನ 3ನೇ ತಂತಿಗೆ, ಅಂದರೆ ಜಿ ತಂತಿಗೆ, ಜೋಡಿಯಾಗಿ ಇನ್ನೊಂದು ತಂತಿ ಸೇರಿಸಿದ್ದು ಅದರ ಗುಟ್ಟು. ನಡುವಿನ ತಂತಿಯನ್ನೇ ಆರಿಸಿಕೊಂಡರು ನೋಡಿ, ಎರಡನೇ ದನಿಯವರ ಕಿವಿ!

ನಮ್ಮ ಆರು ತಂತಿಯಲ್ಲಿ ಆ ರುಚಿಗೆ ಹತ್ತಿರ ಹೋಗಲು ಒಂದು ಉಪಾಯ ಇದೆ. ಜಿ ತಂತಿಯಲ್ಲಿ ಯಾವ ಫ್ರೆಟ್ ಒತ್ತುತ್ತೀರೋ, 1ನೇ ತಂತಿಯಲ್ಲಿ ಅದಕ್ಕಿಂತ 3 ಫ್ರೆಟ್ ಮೇಲೆ ಒತ್ತಿ. ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ಸಿಗುತ್ತದೆ. ಎರಡನ್ನೂ ಒಟ್ಟಿಗೆ ಚಿವುಟಿ, 2ನೇ ತಂತಿ ಸದ್ದು ಮಾಡದಂತೆ ನೋಡಿಕೊಳ್ಳಿ. ಹಾಡಿನ ನಡುವೆ ಸಣ್ಣ ಸಣ್ಣ ಉತ್ತರಗಳನ್ನು ಹೀಗೆ ಕೊಟ್ಟರೆ ತ್ರೆಸ್‌ನ ನೆರಳು ಬೀಳುತ್ತದೆ. ಜಾಸ್ತಿ ಮಾಡಬೇಡಿ. ಕೊಂಪಾಯ್ ಅವರ ಒಂಟಿ ನುಡಿತಗಳು ಯಾವತ್ತೂ ಉದ್ದವಲ್ಲ. ನಾಲ್ಕು ಮಾತಾಡಿ ಬಿಟ್ಟುಕೊಡುತ್ತಾರೆ.

ಸ್ವರಜ್ಞಾನ ಇರುವವರಿಗೆ ಒಂದು ಮಾತು. ಡಿಯನ್ನು ಷಡ್ಜ ಅಂದುಕೊಂಡರೆ ಎಫ್ ಕಾರ್ಡಿನಲ್ಲಿ ಕೈಶಿಕಿ ನಿಷಾದ, ಎ ಸೆವೆನ್‌ನಲ್ಲಿ ಕಾಕಲಿ ನಿಷಾದ. ಎರಡೂ ಬರುತ್ತವೆ. ಕೀರವಾಣಿ ಅಂದುಕೊಂಡು ಗಮಕ ಹಾಕಲು ಹೋಗಬೇಡಿ. ಇಲ್ಲಿ ಸ್ವರ ನೆಟ್ಟಗೆ ನಿಲ್ಲಬೇಕು, ಯಾಕೆಂದರೆ ಪಕ್ಕದಲ್ಲಿ ಇನ್ನೊಂದು ದನಿ ಅದನ್ನು ಆತುಕೊಂಡು ನಿಂತಿರುತ್ತದೆ.

ಎರಡನೇ ದನಿ

ನಾನು ಹೇಳಬೇಕೆಂದಿದ್ದ ಜಾಗಕ್ಕೆ ಈಗ ಬಂದೆವು.

1997ರಲ್ಲಿ ಬಂದ ‘ಬ್ವೆನಾ ವಿಸ್ತಾ ಸೋಶಿಯಲ್ ಕ್ಲಬ್’ ಆಲ್ಬಂ ತೆಗೆಯಿರಿ. 1996ರ ಮಾರ್ಚ್‌ನಲ್ಲಿ ಹವಾನಾದ ಎಗ್ರೆಂ ಸ್ಟುಡಿಯೊದಲ್ಲಿ ಆರು ದಿನದಲ್ಲಿ ಮುಗಿದ ರೆಕಾರ್ಡಿಂಗ್ ಅದು. ಅಮೆರಿಕದ ಗಿಟಾರ್ ವಾದಕ ರೈ ಕೂಡರ್ ನಿರ್ಮಾಪಕರು. ಹಳೆಯ ಹಾಡುಗಾರರನ್ನು ಹುಡುಕಿ ಕರೆತಂದದ್ದು ಕ್ಯೂಬಾದವರೇ ಆದ ಹುವಾನ್ ದೆ ಮಾರ್ಕೋಸ್ ಗೊನ್ಸಾಲೆಸ್. ಕೊಂಪಾಯ್‌ಗೆ ಆಗ 88 ವರ್ಷ. ಆಲ್ಬಂನ ಮೊದಲ ಹಾಡೇ ಚಾನ್ ಚಾನ್, ಅವರು 1980ರ ದಶಕದಲ್ಲಿ ಮಾಡಿದ್ದು. ಈ ಧಾಟಿ ಕನಸಿನಲ್ಲಿ ಬಂತು ಅನ್ನುತ್ತಿದ್ದರು. ತಮ್ಮದೇ ಹಾಡು, ಅದೂ ಆ ವಯಸ್ಸಿನಲ್ಲಿ. ಬೇರೆ ಯಾರಾದರೂ ಆಗಿದ್ದರೆ ಮೈಕಿನ ಮುಂದೆ ಮೊದಲು ತಾವು ನಿಲ್ಲುತ್ತಿದ್ದರು. ಮೇಲಿನ ದನಿ ಹಾಡಿದ್ದು ಅವರಿಗಿಂತ ಎಷ್ಟೋ ಚಿಕ್ಕವರಾದ ಎಲಿಯಾದೆಸ್ ಒಚೊವಾ. ಕೊಂಪಾಯ್ ಕೆಳಗೆ ನಿಂತರು.

ಇಯರ್‌ಫೋನ್ ಹಾಕಿ ಕೇಳಿ. ಎಲಿಯಾದೆಸ್ ದನಿಯನ್ನು ಬಿಟ್ಟು ಅದರ ಕೆಳಗೆ ಕಿವಿ ಇಡಿ. ಮಾಗಿದ, ಸ್ವಲ್ಪ ಒರಟು, ಮಂದ್ರದ ದನಿ. ಅದು ಮೇಲಿನದನ್ನು ಹಿಂಬಾಲಿಸುವುದಿಲ್ಲ, ಹೊತ್ತುಕೊಂಡು ನಡೆಯುತ್ತದೆ. ಆಮೇಲೆ ಅದೇ ಆಲ್ಬಂನ ‘ವೇಂತೆ ಆನ್ಯೋಸ್’ ಕೇಳಿ, ‘ಇಪ್ಪತ್ತು ವರ್ಷ’ ಅಂತ ಅರ್ಥ. ಮೇಲೆ ಒಮಾರಾ ಪೊರ್ತುಒಂದೊ, ಕೆಳಗೆ ಕೊಂಪಾಯ್. ಧಾಟಿ ಮಾಡಿದವರು ಮಾರಿಯಾ ತೆರೇಸಾ ವೇರಾ, ಆಗಲೇ ಹೇಳಿದೆನಲ್ಲ, ಲೊರೆನ್ಸೊ ಯಾರಿಗೆ ಎರಡನೇ ದನಿಯಾಗಿದ್ದರೋ ಅವರೇ. ಇದು ಗೊತ್ತಾದ ದಿನ ನಾನು ಆ ಹಾಡನ್ನು ನಾಲ್ಕು ಸಲ ಹಾಕಿ ಕೇಳಿದೆ.

ಕೇಳಿ ಆದ ಮೇಲೆ ಹಾಡಬೇಕು. ಮೊದಲು ಗಿಟಾರ್‌ನಲ್ಲಿ ಎರಡು ದನಿಯನ್ನೂ ಒಟ್ಟಿಗೆ ಕೇಳಿಸಿಕೊಳ್ಳಿ. 2ನೇ ತಂತಿ ಮೇಲಿನ ದನಿ, 3ನೇ ತಂತಿ ಕೆಳಗಿನದು:

2ನೇ ತಂತಿಯ ಫ್ರೆಟ್‌ಗಳು: 10, 8, 6, 5, 3
3ನೇ ತಂತಿಯ ಫ್ರೆಟ್‌ಗಳು: 10, 9, 7, 6, 3

ಒಂದರ ಕೆಳಗೆ ಒಂದು, ಜೋಡಿಯಾಗಿ, ನಿಧಾನ ಇಳಿಯಿರಿ. ಬೆರಳುಗಳು ಕೆಲವೊಮ್ಮೆ ಹತ್ತಿರ, ಕೆಲವೊಮ್ಮೆ ದೂರ ಆಗುತ್ತವೆ. ನಾಲ್ಕನೇ ಜೋಡಿ ಎ ಸೆವೆನ್ ಮೇಲೆ ಕೂರುತ್ತದೆ. ಅಲ್ಲಿ ಕೆಳಗಿನ ದನಿಯನ್ನು ಒಂದು ಕ್ಷಣ ಜಾಸ್ತಿ ಹಿಡಿದು ನೋಡಿ. ಹಾಡಿನ ನೋವೆಲ್ಲ ಅಲ್ಲೇ ಇದೆ, ಮೇಲಿನ ದನಿಯಲ್ಲಿ ಅಲ್ಲ.

ಈಗ 3ನೇ ತಂತಿಯ ಸ್ವರಗಳನ್ನು ಮಾತ್ರ ‘ಆ’ಕಾರದಲ್ಲಿ ಹಾಡಿ, ಗಿಟಾರ್‌ನಲ್ಲಿ 2ನೇ ತಂತಿ ನುಡಿಸಿ. ಮೊದಲ ದಿನ ನಿಮ್ಮ ದನಿ ಮೇಲಕ್ಕೆ ಜಾರಿ ಹೋಗುತ್ತದೆ. ಎಲ್ಲರಿಗೂ ಆಗುತ್ತದೆ. ಕಾಯರ್‌ನಲ್ಲಿ ಹೊಸ ಆಲ್ಟೊಗಳಿಗೆ ನಾವು ಹೇಳುವ ಉಪಾಯ ಇಲ್ಲೂ ನಡೆಯುತ್ತದೆ. ಮೇಲಿನ ದನಿಯಿಂದ ತಪ್ಪಿಸಿಕೊಳ್ಳಲು ಕಿವಿ ಮುಚ್ಚಬೇಡಿ. ಅದನ್ನು ಪೂರ್ತಿ ಕೇಳಿಸಿಕೊಂಡೇ ನಿಮ್ಮ ಸ್ವರದಲ್ಲಿ ನಿಲ್ಲಿ. ಮತ್ತೆ ದನಿ ಯಾವಾಗಲೂ ಮೇಲಿನವರಿಗಿಂತ ಒಂದು ಗುಕ್ಕು ಕಡಿಮೆ ಇರಲಿ, ಆದರೆ ಉಸಿರು ಅವರಿಗಿಂತ ಉದ್ದ ಇರಲಿ. ಸಾಲಿನ ಕೊನೆಯಲ್ಲಿ ಅವರ ದನಿ ಮುಗಿದ ಮೇಲೂ ಕೆಳಗಿನದು ಅರೆಗಳಿಗೆ ಉಳಿದರೆ ಅದರ ಚೆಂದವೇ ಬೇರೆ.

ಕೊನೆಗೆ ಎಲ್ಲ ಕೂಡಿಸಿ: ಕ್ಲಾವೆ ಕಾಲಿನಲ್ಲಿ ಅಥವಾ ತಲೆಯಲ್ಲಿ, ಬೇಸ್ ಹೆಬ್ಬೆರಳಿನಲ್ಲಿ, ಎರಡನೇ ದನಿ ಬಾಯಲ್ಲಿ. ಮೇಲಿನ ಧಾಟಿಗೆ ಇನ್ನೊಬ್ಬರನ್ನು ಕರೆಯಿರಿ. ಯಾರೂ ಸಿಗದಿದ್ದರೆ ಫೋನಿನಲ್ಲಿ ಮೇಲಿನ ದನಿಯನ್ನು ರೆಕಾರ್ಡ್ ಮಾಡಿಕೊಂಡು ಅದರ ಕೆಳಗೆ ಹಾಡಿ. ನನ್ನ ಪ್ರಕಾರ ಒಂದು ತಿಂಗಳು ಬೇಕು. ಹಾಡಿನ ಮಾತು ಉರು ಹೊಡೆಯುವ ಮೊದಲು ಸ್ಪ್ಯಾನಿಷ್ ಬಲ್ಲವರಿಂದ ಉಚ್ಚಾರಣೆ ಕೇಳಿಸಿಕೊಂಡರೆ ಒಳ್ಳೆಯದು. ಹಾಡಿನಲ್ಲಿ ಚಾನ್ ಚಾನ್ ಮತ್ತು ಹುವಾನಿಕಾ ಕಡಲ ದಂಡೆಯಲ್ಲಿ ಮರಳು ಜರಡಿ ಹಿಡಿಯುವ ಸಾಲು ಬರುತ್ತದೆ. ಅಲ್ಲಿ ಮಾತು ಉದುರಬೇಕು, ಉರುಳಬಾರದು.

ಕೊಂಪಾಯ್ 2003ರ ಜುಲೈನಲ್ಲಿ ಹವಾನಾದಲ್ಲಿ ತೀರಿಕೊಂಡರು, 95 ವರ್ಷವಾಗಿತ್ತು. ಮಣ್ಣಾದದ್ದು ಸಾಂತಿಯಾಗೊದ ಸಾಂತಾ ಇಫಿಹೇನಿಯಾ ಸ್ಮಶಾನದಲ್ಲಿ, ಗಿಟಾರ್ ಕಲಿತ ಊರಿನಲ್ಲೇ.

ಕಳೆದ ತಿಂಗಳು ಆ ಕೊನ್ನಕ್ಕೋಲ್ ಹುಡುಗಿ ರಜೆಗೆ ಮನೆಗೆ ಬಂದಿದ್ದಳು. ಅಡಿಗೆಮನೆಯಿಂದ ಲಟ್ಟಣಿಗೆ ತಂದು ಕೊಟ್ಟೆ. ಅವಳು ಮೇಲೆ ಹಾಡಿದಳು, ನಾನು ಕೆಳಗೆ. ಮೂರನೇ ಸುತ್ತಿನಲ್ಲಿ 5ನೇ ಎಣಿಕೆ ಬಂತು, ಇಬ್ಬರೂ ಒಟ್ಟಿಗೆ ಸುಮ್ಮನಾದೆವು, ಮತ್ತೆ 6ಕ್ಕೆ ಲಟ್ಟಣಿಗೆ ತಟ್ಟಿತು. “ಮಿಸ್, ನಿಲ್ಲಿಸಬೇಡಿ,” ಅಂದಳು.